ಮರಳ ಮೇಲೆ ನಾಲ್ಕು ಬಿಳಿ ಹಾಸುಬಟ್ಟೆ

ನಮ್ಮ ದೊಡ್ಡಮ್ಮನದು ಬಟ್ಟೆ ಒಗೆಯುವ ಕಸುಬು. ಮದುವೆಯಾಗಿ ಬಂದ ಮರುವಾರವೇ ಸೋಪಿನ ನೀರಿಗೆ ಕೈಯಿಟ್ಟವಳು. ನನಗೆ ಬುದ್ಧಿ ಬರುವ ಹೊತ್ತಿಗೆ ಆ ಅಂಗೈಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಬಾಯಿ ಮಾತ್ರ ಸವೆದಿರಲಿಲ್ಲ. ಅವಳ ಅತ್ತೆಯ ಬಾಯಿ ಅದಕ್ಕಿಂತ ಒಂದು ಕೈ ಮೇಲು. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

ಯುದ್ಧ ಶುರುವಾದ ವರ್ಷ ನಮ್ಮ ಕಡಲ ದಂಡೆಗೆ ಸೈನ್ಯ ಬಂತು. ಉತ್ತರದ ಮರಳುದಿಬ್ಬಗಳ ಸುತ್ತ ತಂತಿಬೇಲಿ ಬಿತ್ತು. ಒಳಗೇನು ನಡೆಯುತ್ತದೆಂದು ನಮಗೆ ಯಾರು ಹೇಳಬೇಕು? ದೊಡ್ಡಮ್ಮನಿಗೆ ಅದರ ಚಿಂತೆಯೂ ಇರಲಿಲ್ಲ. ಡೇರೆಯ ಆಸ್ಪತ್ರೆಯಿಂದ ವಾರವಾರ ಹಾಸುಬಟ್ಟೆಗಳ ಮೂಟೆ ಬರುತ್ತಿತ್ತು, ಅಷ್ಟು ಸಾಕು.

ಹಗ್ಗಗಳೆಲ್ಲ ತುಂಬಿದ ಒಂದು ಬೆಳಿಗ್ಗೆ ನಾಲ್ಕು ದೊಡ್ಡ ಹಾಸುಬಟ್ಟೆ ಮಿಕ್ಕವು. ಕಾಗೆ, ಆಡು ಹತ್ತಿರ ಬಾರದಂತೆ ಕಾಯಲು ಅತ್ತೆ ಬೇಕು. ಅತ್ತೆಗೆ ಮಂಡಿನೋವು, ಓಡಾಡಲಾರರು. ದೊಡ್ಡಮ್ಮ ಉಪಾಯ ಮಾಡಿದಳು. ಮನೆಯ ಹಿಂದಿನ ಮರಳ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಬಟ್ಟೆ ಹರವಿ, ನಡುವೆ ಮಣೆಯಿಟ್ಟು, ಅತ್ತೆಯನ್ನು ಕೂರಿಸಿ ಕೈಗೊಂದು ಉದ್ದ ಕೋಲು ಕೊಟ್ಟಳು.

"ಬಿಸಿಲಲ್ಲಿ ನನ್ನೂ ಒಣಗಿಸ್ತೀಯೇನೇ?"

"ಒಣಗಿದ್ರೆ ಮಡಚಿಡ್ತೀನಿ, ಕೂತ್ಕೊಳ್ಳಿ" ಎಂದು ಸಿಡುಕಿ ಮನೆಗೆ ಬಂದಳು.

ಸ್ವಲ್ಪ ಹೊತ್ತಿಗೆ ವಿಮಾನವೊಂದು ಬಂತು. ದಂಡೆಯ ಮೇಲೆ ಒಂದು ಸುತ್ತು ಹಾಕಿತು, ಎರಡು ಹಾಕಿತು, ಮೂರನೆಯ ಸಲ ತಗ್ಗಿ ಬಂದು ಏನನ್ನೋ ಕೆಳಗೆ ಬಿಟ್ಟಿತು. ಮನೆಯ ಹಿಂದೆ ದಢ್ ಎಂದಿತು. ಅತ್ತೆ ಕೂತಿದ್ದ ಕಡೆ ಬಿಳಿ ಹೊಗೆ ಎದ್ದಿತು.

ದೊಡ್ಡಮ್ಮ ಓಡಿದಳು. ನಾನೇ ಕೂರಿಸಿದೆ, ನನ್ನ ಕೈಯಾರೆ ಕೂರಿಸಿದೆ ಎಂದು ಎದೆ ಬಡಿದುಕೊಳ್ಳುತ್ತ ಓಡಿದಳು. ಹೊಗೆಯ ಅಂಚಿಗೆ ಬಂದವಳು ಮುಂದೆ ಹೆಜ್ಜೆಯಿಡಲು ಧೈರ್ಯ ಸಾಲದೆ ನಿಂತಳು.

ಒಳಗಿನಿಂದ ದನಿ ಬಂತು.

"ನಿನ್ನ ಕೈ ಸೇದಿಹೋಗ! ತೊಳೆದ ಬಟ್ಟೆ ಮೇಲೆ ಹಿಟ್ಟು ಸುರೀತೀಯಾ? ಧೈರ್ಯ ಇದ್ರೆ ಕೆಳಗಿಳಿಯೋ!"

ಹೊಗೆ ತಿಳಿಯಾಯಿತು. ನೆತ್ತಿಯಿಂದ ಪಾದದವರೆಗೆ ಬೆಳ್ಳಗಾದ ಅತ್ತೆ ಆಕಾಶಕ್ಕೆ ಕೋಲೆತ್ತಿ ನಿಂತಿದ್ದರು. ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ.

ಜೀಪಿನಲ್ಲಿ ಧಾವಿಸಿ ಬಂದ ಅಧಿಕಾರಿಯ ಮುಖವೂ ಬಿಳಿಚಿಕೊಂಡಿತ್ತು. ಬೇಲಿಯೊಳಗೆ ಬಿಳಿ ಬಟ್ಟೆಗಳನ್ನು ಹೀಗೇ ನಾಲ್ಕು ದಿಕ್ಕಿಗೆ ಹಾಸಿ, ಅವುಗಳ ನಡುವಿಗೆ ಬಾಂಬು ಹಾಕುವುದನ್ನು ಕಲಿಸುತ್ತಾರಂತೆ. ಹೊಸ ಹುಡುಗ, ಜಾಗ ತಪ್ಪಿದ. ಬಾಂಬಿನಲ್ಲಿದ್ದುದು ಬರೀ ಸೀಮೆಸುಣ್ಣದ ಪುಡಿ; ಬಿದ್ದದ್ದೂ ಮೂವತ್ತು ಹೆಜ್ಜೆ ಆಚೆ, ಪುಡಿಯನ್ನು ಇತ್ತ ತಂದದ್ದು ಕಡಲ ಗಾಳಿ. "ಗುರೀನೂ ಬರಲ್ವಾ ಅವನಿಗೆ?" ಎಂದರು ಅತ್ತೆ.

ದೊಡ್ಡಮ್ಮನಿಗೆ ಇದ್ಯಾವುದೂ ಕೇಳಿಸಲಿಲ್ಲ. ಹೋದ ಜೀವ ಬಂದಂತಾಗಿತ್ತು. ಅಳುತ್ತ, ನಗುತ್ತ ಅತ್ತೆಯ ಮುಂದೆ ಬೆನ್ನು ತಿರುಗಿಸಿ ಕುಕ್ಕರುಗಾಲಲ್ಲಿ ಕೂತು, ಅವರ ಎರಡೂ ಕೈಗಳನ್ನು ತನ್ನ ಕೊರಳಿಗೆ ಎಳೆದುಕೊಂಡು, ಮಗುವನ್ನು ಹೊರುವಂತೆ ಹೊತ್ತು ಎದ್ದಳು. ಬಟ್ಟೆಗಳ ಕಡೆ ತಿರುಗಿಯೂ ನೋಡಲಿಲ್ಲ.

"ಇಳಿಸೇ, ನಂಗೇನಾಗಿದೆ? ನಾಲ್ಕು ಜನ ನೋಡಿದ್ರೆ ಏನಂದಾರು?"

"ಬೈತಾ ಇರಿ ಅತ್ತೆ, ನಿಲ್ಲಿಸ್ಬೇಡಿ" ಎಂದಳು ದೊಡ್ಡಮ್ಮ. ಮನೆಯ ಹೊಸ್ತಿಲು ದಾಟುವವರೆಗೂ ಅವರು ನಿಲ್ಲಿಸಲಿಲ್ಲ, ಇವಳು ಇಳಿಸಲಿಲ್ಲ.