ವ್ಯಾನಿನ ಸಪ್ಪಳ, ಅಪ್ಪನ ಕಿವಿ

ಅಪ್ಪನ ವ್ಯಾನಿನ ಇಂಜಿನ್ ಇದ್ದದ್ದು ಡ್ರೈವರ್ ಸೀಟಿಗೂ ಅದರ ಮಗ್ಗುಲಿನ ಸೀಟಿಗೂ ನಡುವೆ, ಒಂದು ತಗಡಿನ ಪೆಟ್ಟಿಗೆಯ ಕೆಳಗೆ. ಪೆಟ್ಟಿಗೆಯ ಮೇಲೆ ಅವ್ವ ಹೊಲಿದ ಹಳೇ ಕೌದಿಯನ್ನು ಮಡಚಿ ಹಾಕಿದ್ದ. ಆ ಮಗ್ಗುಲಿನ ಸೀಟು ನನ್ನದು. ಕಲಬುರಗಿಯಿಂದ ಕಮಲಾಪುರದ ತನಕ ನನ್ನ ಬಲಮೊಣಕಾಲು ಬಿಸಿಯಾಗಿರುತ್ತಿತ್ತು, ಅಪ್ಪನ ಎಡಗಿವಿಯ ಪಕ್ಕ ಡೀಸೆಲ್ ಇಂಜಿನ್ ಒದರುತ್ತಿರುತ್ತಿತ್ತು. ನನಗೆ ಅದು ಒಂದು ತಾಸಿನ ಹಾದಿ. ಅಪ್ಪನಿಗೆ ಅದು ಇಡೀ ಹರೆಯ.

ನಾನು ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದೆ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. ಈ ಮಾತನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ, ಯಾಕಂದರೆ ಅದು ಪುಕ್ಕಟೆ ಬಂದದ್ದಲ್ಲ. ಅವ್ವ ನೆಹರು ಗಂಜಿನ ಗೋದಾಮಿನಲ್ಲಿ ತೊಗರಿ ಹಸನು ಮಾಡುತ್ತ ಬೆನ್ನು ಬಗ್ಗಿಸಿಕೊಂಡಳು. ಅಪ್ಪ ಸಹಿ ಬಿಟ್ಟರೆ ಇನ್ನೇನೂ ಬರೆಯಲು ಬಾರದವ. ಆದರೆ ನನ್ನ ಪ್ರಾಕ್ಟಿಕಲ್ ಮುಗಿಯುವ ತನಕ ಕಾಲೇಜಿನ ಗೇಟಿನ ಹೊರಗೆ ಬಂದ ಬಾಡಿಗೆ ಕಳೆದುಕೊಂಡು ನಿಂತಿರುತ್ತಿದ್ದ. ಅದೇ ವ್ಯಾನಿನಲ್ಲಿ ಈಗ ನಾನು ನೌಕರಿಗೆ ಹೋಗುತ್ತಿದ್ದೆ. ಹಿಂದಿನ ಸೀಟುಗಳಲ್ಲಿ ನಮ್ಮ ಶಾಲೆಯವರೇ ಕೂಡುತ್ತಿದ್ದರು.

ಓದು ಬರಹ ಇಲ್ಲದಿದ್ದರೂ ಅಪ್ಪನಿಗೆ ವ್ಯಾನ್ ಸ್ಟ್ಯಾಂಡಿನಲ್ಲಿ ಒಂದು ಹೆಸರಿತ್ತು. ಅದು ಅವನ ಕಿವಿಯ ಹೆಸರು. ಯಾರದೇ ಗಾಡಿ ಕೆಟ್ಟ ಸಪ್ಪಳ ಮಾಡಿದರೆ ಮೊದಲು ಅಪ್ಪನ ಹತ್ತಿರ ತಂದು ನಿಲ್ಲಿಸುತ್ತಿದ್ದರು. ಅಪ್ಪ ಕಣ್ಣು ಮುಚ್ಚಿ, ತಲೆ ಒಂದಿಷ್ಟು ವಾಲಿಸಿ ನಿಂತು, ಇದು ವಾಲ್ವಿನದು, ಇದು ಗೇರ್ ಬಾಕ್ಸಿನದು ಎಂದು ಹೇಳಿಬಿಡುತ್ತಿದ್ದ. ಕಪನೂರಿನಲ್ಲಿ ಅಪ್ಪನ ಹಳೆಯ ಗೆಳೆಯನಾದ ಒಬ್ಬ ಮಿಸ್ತ್ರಿಯ ವರ್ಕ್‌ಶಾಪ್ ಇತ್ತು. ಅವನು ಅಪ್ಪನ ಮಾತಿನ ಮೇಲೆ ಮತ್ತೊಮ್ಮೆ ತಪಾಸಣೆ ಮಾಡುತ್ತಲೇ ಇರಲಿಲ್ಲ. ಅಪ್ಪ ಹೇಳಿದ್ದನ್ನೇ ಬಿಚ್ಚುತ್ತಿದ್ದ. ಅಪ್ಪನ ಮಾತನ್ನು ಪರೀಕ್ಷೆ ಮಾಡುವುದೆಂದರೆ ಅಪಮಾನ ಮಾಡಿದಂತೆ ಎಂದು ಇಬ್ಬರೂ ತಿಳಿದಿದ್ದರು.

ಆ ವರ್ಷ ಮಳೆಗಾಲ ಮುಗಿದ ಮೇಲೆ ನಮ್ಮದೇ ವ್ಯಾನಿನಲ್ಲಿ ಸಪ್ಪಳ ಶುರುವಾಯಿತು. ಟಕ್ ಟಕ್ ಎಂದು, ನಡುನಡುವೆ ಕರಕರ ಎಂದು. ನಾಲ್ಕು ದಿನ ನಾನು ಕಾದೆ. ಅಪ್ಪ ಇವತ್ತು ಹೇಳುತ್ತಾನೆ, ನಾಳೆ ಗಾಡಿ ನಿಲ್ಲಿಸಿ ನೋಡುತ್ತಾನೆ ಎಂದುಕೊಂಡೆ. ಅವನು ಸುಮ್ಮನೆ ಗಾಡಿ ಹೊಡೆಯುತ್ತ ಹೋದ. ಕೊನೆಗೆ ಹಿಂದಿನ ಸೀಟಿನಿಂದ ನಮ್ಮ ಪಿ.ಟಿ. ಮಾಸ್ತರು ಕೂಗಿ ಕೇಳಿದರು.

"ಕಾಕಾ, ಗಾಡಿಗಿ ಟೈಪಿಂಗ್ ಪರೀಕ್ಷಾಕ್ಕ ಕೂಡ್ಸೀರೇನ್ರಿ? ಮುಂಜಾನಿಂದ ಬಡೀಲಿಕ್ಕೇ ಹತ್ತದ."

ಎಲ್ಲರೂ ನಕ್ಕರು. ಅಪ್ಪ ಕನ್ನಡಿಯಲ್ಲಿ ಅವರ ನಗು ನೋಡಿ ತಾನೂ ನಕ್ಕ. "ಹೌದ್ರಿ ಸರ್, ಭಾಳ ಛಲೋ," ಎಂದ.

ಆ ಉತ್ತರ ಆ ಪ್ರಶ್ನೆಗೆ ಹೊಂದುವುದಲ್ಲ. ನಾನು ಅಪ್ಪನ ಮುಖ ನೋಡಿದೆ. ಆಗ ಹಿಂದಿನದೆಲ್ಲ ಒಂದೊಂದಾಗಿ ನೆನಪಾಯಿತು. ಮನೆಯಲ್ಲಿ ರೇಡಿಯೋ ದೊಡ್ಡದು ಮಾಡುವುದು. ನಾವು ಮಾತಾಡುವಾಗ ಕಣ್ಣಿನ ಬದಲು ತುಟಿ ನೋಡುವುದು. ಎಲ್ಲಕ್ಕಿಂತ ಹೆಚ್ಚಾಗಿ, ಕಮಲಾಪುರದ ಹತ್ತಿರದ ಏರಿನಲ್ಲಿ ಒಂದು ಲಾರಿ ಹಿಂದಿನಿಂದ ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ, ನಮ್ಮನ್ನು ಮಣ್ಣಿಗೆ ಇಳಿಸುವಷ್ಟು ಒತ್ತಿ ಮುಂದೆ ಹೋದದ್ದು. ಲಾರಿಯವನು ಬೈದದ್ದು ನನಗೆ ಕೇಳಿಸಿತ್ತು. ಅಪ್ಪ, ಅವನಿಗೆ ಸೊಕ್ಕು ಬಂದದ ಎಂದಷ್ಟೇ ಹೇಳಿ, ಬೆವರು ಒರೆಸಿಕೊಂಡು, ಗೇರ್ ಬದಲಿಸಿದ್ದ.

ಪಿ.ಟಿ. ಮಾಸ್ತರು ಏನೆಂದರು ಎಂದು ನಾನು ಅಪ್ಪನಿಗೆ ಮೆಲ್ಲಗೆ ತಿಳಿಸಿದೆ. ಇಂಜಿನ್ನಿನಲ್ಲಿ ಟಕ್ ಟಕ್ ಎನ್ನುವ ಸಪ್ಪಳ ಬರುತ್ತಿದೆ ಎಂದೆ. ಅಪ್ಪನ ಮುಖದ ಬಣ್ಣ ಇಳಿಯಿತು. ಎಂದೋ ಗೊತ್ತಾಗಿದೆ, ನೋಡೋಣ ಎಂದು ಬಿಟ್ಟಿದ್ದೆ ಎಂದ.

ಶನಿವಾರ ಅರ್ಧ ದಿನದ ಶಾಲೆ. ಬರುವಾಗ ಉಳಿದವರನ್ನು ಇಳಿಸಿ ಕಪನೂರಿಗೆ ಹೋದೆವು. ಮಿಸ್ತ್ರಿ ಎಣ್ಣೆಗೈ ಒರೆಸಿಕೊಳ್ಳುತ್ತ ಬಂದು, ಇಂಜಿನ್ನಿನ ಸಪ್ಪಳ ಕೇಳಲಿಲ್ಲ, ಎಂದಿನಂತೆ ಅಪ್ಪನನ್ನು ಕೇಳಿದ. ಅಪ್ಪ ತಲೆ ವಾಲಿಸಿ ಕಣ್ಣು ಮುಚ್ಚಿದ. ಎಷ್ಟೋ ವರ್ಷದಿಂದ ನಾನು ನೋಡಿದ ನಿಲುವೇ. ಆಮೇಲೆ ಕಣ್ಣು ತೆರೆದು, "ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗ್ಯಾದ, ಭಾಯಿ," ಎಂದ.

ಇಂಜಿನ್ನಿನ ಒಳಗಿನ ಆ ಬೇರಿಂಗ್ ಎಂದರೆ ಇಂಜಿನ್ ಪೂರಾ ಕೆಳಗಿಳಿಸಿ ಬಿಚ್ಚುವ ಕೆಲಸ. ಹಳೇ ಇಂಜಿನ್ ಒಮ್ಮೆ ಬಿಚ್ಚಿದರೆ ಮೊದಲಿನಂತೆ ಕೂಡುವ ಭರವಸೆ ಇಲ್ಲ. ಮಿಸ್ತ್ರಿ ಒಂದು ಮಾತೂ ಎದುರಾಡಲಿಲ್ಲ. ನಾಳೆ ಮಧ್ಯಾಹ್ನ ತಗೊಂಡು ಬಾ, ಇಂಜಿನ್ ಎತ್ತಲು ಸರಪಳಿ ರಾಟೆ ಕಟ್ಟಿಸಿ ಇಟ್ಟಿರುತ್ತೇನೆ ಎಂದ.

ನನಗೆ ಮಾತ್ರ ನಂಬಿಕೆ ಬರಲಿಲ್ಲ. ನಾನು ಆ ಸಪ್ಪಳವನ್ನು ಮೊಣಕಾಲ ಹತ್ತಿರ ಇಟ್ಟುಕೊಂಡು ದಿನವೂ ಕೇಳಿದವಳು. ಅಂಥ ಬೇರಿಂಗ್ ಹೋದ ಗಾಡಿಗಳ ಬಡಿತವನ್ನು, ಅಪ್ಪ ಪರೀಕ್ಷೆ ಮಾಡುವಾಗ, ಸಣ್ಣವಳಿದ್ದಾಗಲೇ ಕೇಳಿದ್ದೆ. ಏರಿನಲ್ಲಿ ಭಾರ ಬಿದ್ದರೆ ಆ ಬಡಿತ ಜೋರಾಗುತ್ತದೆ ಎಂದು ಅವನೇ ಹೇಳಿಕೊಟ್ಟಿದ್ದ. ನಮ್ಮ ವ್ಯಾನಿನದು ಏರಿಗೂ ಇಳಿಜಾರಿಗೂ ಒಂದೇ ಸಮ. ಅಪ್ಪನಿಗೆ ಅದು ಕೇಳಿಸಿರಲೇ ಇಲ್ಲ. ನಾನು ಹೇಳಿದ ಟಕ್ ಟಕ್ ಎಂಬ ಮಾತಿನ ಮೇಲೆ ಅಂದಾಜು ಹೇಳಿದ್ದ. ಅವನ ಹೆಸರಿನ ಭಾರಕ್ಕೆ ಮಿಸ್ತ್ರಿ ಇಂಜಿನ್ ಬಿಚ್ಚಲು ತಯಾರಾಗಿದ್ದ. ನಾನು ಅಲ್ಲಿಯೇ ಬಾಯಿ ತೆರೆದಿದ್ದರೆ ವ್ಯಾನ್ ಉಳಿಯುತ್ತಿತ್ತು, ಅಪ್ಪನ ಹೆಸರು ಉಳಿಯುತ್ತಿರಲಿಲ್ಲ.

ಭಾನುವಾರ ಮುಂಜಾನೆ ಓಣಿಯಲ್ಲಿ ವ್ಯಾನ್ ನಿಂತಿತ್ತು. ನಾನು ಅಪ್ಪನ ಹತ್ತಿರ ಹೋಗಿ, ಶಾಲೆಯಲ್ಲಿ ಮಕ್ಕಳಿಗೆ ತೋರಿಸುವ ಒಂದು ಪ್ರಯೋಗ ಇದೆ, ಇಂಜಿನ್ ಮೇಲೆ ಮಾಡಿ ನೋಡೋಣ ಎಂದೆ. ಶ್ರುತಿಕವೆ, ಅಂದರೆ ಟ್ಯೂನಿಂಗ್ ಫೋರ್ಕ್ ಎಂದು ಉಕ್ಕಿನ ಒಂದು ಕವೆ ಇರುತ್ತದೆ. ಅದನ್ನು ಬಡಿದು ಹಲ್ಲಿಗೆ ಹಚ್ಚಿದರೆ, ಕಿವಿ ಮುಚ್ಚಿಕೊಂಡಿದ್ದರೂ ನಾದ ತಲೆಯೊಳಗೆ ಕೇಳುತ್ತದೆ. ಸಪ್ಪಳ ಎಲುಬಿನ ಮೂಲಕವೂ ಹರಿಯುತ್ತದೆ. ಉದ್ದನೆಯ ಪೇಚಕಸದ, ಅಂದರೆ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಹಚ್ಚಿ, ಹಿಡಿಕೆ ಹಲ್ಲಲ್ಲಿ ಕಚ್ಚಿ ಹಿಡಿದರೆ ಹಾಗೆಯೇ ಆಗಬೇಕು ಎಂದು ವಿವರಿಸಿದೆ.

ಅಪ್ಪ ನನ್ನ ತುಟಿಯನ್ನೇ ನೋಡುತ್ತ ಪೂರಾ ಕೇಳಿದ.

"ಇದು ನಿನ್ನ ಸಾಲಿ ಮಕ್ಕಳಿಗೇನವ್ವ, ನನಗೇನು?"

"ನಿನಗ, ಯಪ್ಪಾ."

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಗೆ ಕೊಟ್ಟ. ತಿರುಗುವ ಫ್ಯಾನಿನ ಹತ್ತಿರ ಬಟ್ಟೆ ಜೋತಾಡಬಾರದು ಎನ್ನುವುದು ಅವನ ನೇಮ. ಕೌದಿ ಸರಿಸಿ, ತಗಡಿನ ಪೆಟ್ಟಿಗೆ ತೆಗೆದು, ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂಡಿಸಿ ಚಾಲೂ ಮಾಡು ಎಂದ.

ಮೊದಲು ಪಾನಾದಿಂದ ಒಂದೊಂದೇ ಸಿಲಿಂಡರಿನ ಡೀಸೆಲ್ ಪೈಪಿನ ನಟ್ಟು ಸಡಿಲಿಸಿ ನೋಡಿದ. ಹಾಗೆ ಮಾಡಿದರೆ ಆ ಸಿಲಿಂಡರ್ ಕೆಲಸ ನಿಲ್ಲಿಸುತ್ತದೆ; ಬೇರಿಂಗ್ ಅದರದಾಗಿದ್ದರೆ ಬಡಿತ ಮೆತ್ತಗಾಗಬೇಕು. ನಟ್ಟು ಸಡಿಲಿಸುವುದು ಅವನ ಕೈ, ಬಡಿತ ಬದಲಾಯಿತೋ ಇಲ್ಲವೋ ಎಂದು ತಲೆಯಾಡಿಸಿ ಹೇಳುವುದು ನಾನು. ಯಾವ ಸಿಲಿಂಡರಿಗೂ ಬದಲಾಗಲಿಲ್ಲ. ನಟ್ಟುಗಳನ್ನು ಬಿಗಿದು, ಕೈ ಒರೆಸಿಕೊಂಡು, ಅಪ್ಪ ಪೇಚಕಸವನ್ನು ಹಲ್ಲಲ್ಲಿ ಕಚ್ಚಿದ.

ಸೀಟಿನ ಮೇಲೆ ಮೊಣಕಾಲೂರಿ, ಇಂಜಿನ್ನಿಗೆ ನಮಸ್ಕಾರ ಮಾಡುವವನಂತೆ ಬಾಗಿದ್ದ. ಪೇಚಕಸದ ತುದಿ ಬ್ಲಾಕಿನ ಮೇಲೆ ನಿಂತಿತು, ಮುಂದೆ ಸರಿಯಿತು, ಮತ್ತೆ ನಿಂತಿತು. ನೀರಿನ ಪಂಪಿನ ಹತ್ತಿರ ಬಂದಾಗ ಅಪ್ಪನ ಹುಬ್ಬುಗಳು ಮೇಲೆ ಹೋದವು. ಅಲ್ಲಿಂದ ತುದಿ ಅಲುಗಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡ. ನಿನ್ನೆ ಕಪನೂರಿನಲ್ಲಿ ಮುಚ್ಚಿದಂತಲ್ಲ. ಈ ಸಲ ಅವನು ನಿಜಕ್ಕೂ ಕೇಳುತ್ತಿದ್ದ. ಎಷ್ಟೋ ತಿಂಗಳ ಮೇಲೆ ತನ್ನ ಇಂಜಿನ್ನಿನ ದನಿ ಕೇಳುತ್ತಿದ್ದ. ಕಣ್ಣಿನ ಅಂಚಿನಲ್ಲಿ ನೀರು ಬಂತು. ಹೊಗೆಗೆ ಬಂದಿರಬಹುದು ಎಂದು ನಾನು ಬೇರೆ ಕಡೆ ನೋಡಿದೆ.

ಇಂಜಿನ್ ಬಂದ್ ಮಾಡಿಸಿ, ಫ್ಯಾನು, ಪಂಪು ತಿರುಗಿಸುವ ಪಟ್ಟಾ ಬಿಚ್ಚಿದ. ಮತ್ತೆ ಒಂದಿಷ್ಟು ಹೊತ್ತು ಚಾಲೂ ಮಾಡಿದಾಗ ಟಕ್ ಟಕ್ ಇಲ್ಲ, ಕರಕರ ಇಲ್ಲ. ಸಪ್ಪಳ ಪಂಪಿನದೇ. ಇಂಜಿನ್ ಬಿಚ್ಚುವ ಮಾತೇ ಇಲ್ಲ. ನನ್ನ ಡಿಗ್ರಿಯ ಬಗ್ಗೆ ನನಗೆ ಹೆಮ್ಮೆ ಅನಿಸಿದ ದಿನಗಳು ಬಹಳ ಇವೆ. ಸರ್ಟಿಫಿಕೇಟ್ ಕೈಗೆ ಬಂದ ದಿನಕ್ಕಿಂತ ಆ ಮುಂಜಾನೆಯ ಹೆಮ್ಮೆ ದೊಡ್ಡದು.

ಪಟ್ಟಾ ಮತ್ತೆ ಕೂಡಿಸಿ, ಮಧ್ಯಾಹ್ನ ಕಪನೂರಿಗೆ ಹೋದೆವು. ಮಿಸ್ತ್ರಿ ರಾಟೆ ಕಟ್ಟಿ, ಕೆಳಗೆ ಹಲಗೆ ಹಾಸಿ, ಎಣ್ಣೆ ಹಿಡಿಯುವ ತಗಡಿನ ಡಬ್ಬಿ ಇಟ್ಟು ಕಾಯುತ್ತಿದ್ದ. ಅದೆಲ್ಲ ಬೇಡ, ನೀರಿನ ಪಂಪ್ ಬಿಚ್ಚಿದರೆ ಸಾಕು ಎಂದು ಅಪ್ಪ ಹೇಳಿದ. ಮಿಸ್ತ್ರಿಗೆ ತಿಳಿಯಲಿಲ್ಲ.

"ನಿನ್ನೆ ಬೇರಿಂಗ್ ಅಂದಿದ್ದಿ ಡ್ರೈವರ್ ಸಾಬ್. ನಿನ್ನ ಮಾತು ಎಂದಾದ್ರ ಬದಲ್ ಆಗ್ಯಾದೇನು?"

ಏನಾದರೂ ನೆವ ಹೇಳಬಹುದಿತ್ತು. ನಾನು ಹೇಳಲು ಬಾಯಿ ತೆರೆದೆ. ಅಪ್ಪ ಕೈಯೆತ್ತಿ ನನ್ನನ್ನು ತಡೆದ.

"ನಿನ್ನೆ ನಾ ಕೇಳಲಾರದೇ ಹೇಳ್ದೆ, ಭಾಯಿ. ನನಗ ಕಿವಿ ಕೇಳ್ಸಲ್ಲ. ಭಾಳ ದಿನ ಆತು."

ಮಿಸ್ತ್ರಿ ಕೈಯಲ್ಲಿದ್ದ ಪಾನಾವನ್ನು ಹಲಗೆಯ ಮೇಲಿಟ್ಟ. ಅಪ್ಪನ ಎದುರಿಗೆ ಬಂದು, ತನ್ನ ತುಟಿ ಕಾಣುವ ಹಾಗೆ ನಿಂತ.

"ನನಗ ಕಣ್ಣಿಗಿ ಮಂಜಾಗಿ ಎರಡು ವರ್ಷ ಆತು. ನಾ ಯಾರ ಮುಂದ ಹೇಳೀನಿ? ನಿಂದು ಕಣ್ಣು, ನಂದು ಕಿವಿ ಕೂಡಿಸಿದ್ರ ಒಬ್ಬ ಪೂರಾ ಮಿಸ್ತ್ರಿ ಆಗ್ತಾನ."

ಇಬ್ಬರೂ ನಕ್ಕರು, ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ. ಪಂಪ್ ಬಿಚ್ಚಿದಾಗ ಅದರೊಳಗಿನ ಸಣ್ಣ ಬೇರಿಂಗ್ ಕೈಯಲ್ಲೇ ಅಲುಗಾಡುತ್ತಿತ್ತು. ಸಂಜೆಯೊಳಗೆ ಹೊಸದು ಕೂಡಿಸಿದರು. ವ್ಯಾನ್ ಮೊದಲಿನಂತೆ ಓಡಿತು. ಮನೆಗೆ ಬಂದ ಮೇಲೆ ಅಪ್ಪ ಬೀಗದ ಕೈಯನ್ನು ಮೊಳೆಗೆ ತೂಗುಹಾಕಿ, ಇನ್ನು ತಾನು ಮಂದಿಯನ್ನು ಕೂಡಿಸಿಕೊಂಡು ಗಾಡಿ ಹೊಡೆಯುವುದಿಲ್ಲ ಎಂದ. ಅವ್ವ, ಇಷ್ಟು ದಿನ ಹೊಡೆದಿದ್ದೀ, ಈಗ ಸಪ್ಪಳವೂ ಸಿಕ್ಕಿತಲ್ಲ ಎಂದು ಕೇಳಿದಳು.

"ಇಂಜಿನ್ ಹಲ್ಲಿಗಿ ಕೇಳ್ತದ," ಎಂದ ಅಪ್ಪ. "ಹಿಂದಿಂದ ಬರೋ ಲಾರಿ ಹಾರ್ನ್ ಯಾವ ಹಲ್ಲಿಗಿ ಕೇಳ್ತದ?"

ನಾನು ಅಪ್ಪನ ಮಾತಿಗೆ ಬೇಡ ಎನ್ನಲಿಲ್ಲ. ಏರಿನಲ್ಲಿ ನಮ್ಮನ್ನು ಒತ್ತಿ ಹೋದ ಲಾರಿ ನಮ್ಮಿಬ್ಬರ ಕಣ್ಣ ಮುಂದೆಯೂ ಇತ್ತು.

ಕೆಲವು ದಿನ ನಾವೆಲ್ಲ ಬಸ್ಸಿನಲ್ಲಿ ಹೋದೆವು. ಆಮೇಲೆ ಅಪ್ಪನ ಕೈಕೆಳಗೆ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದ ಒಬ್ಬನು ವ್ಯಾನ್ ಹೊಡೆಯಲು ಬಂದ. ನನ್ನ ಸೀಟನ್ನು ನಾನು ಅಪ್ಪನಿಗೆ ಬಿಟ್ಟುಕೊಟ್ಟು ಹಿಂದೆ, ಅವನ ಬೆನ್ನಿಗೆ ಕೂತೆ. ಅಪ್ಪ ಕೌದಿಯ ಮೇಲೆ ಅಂಗೈ ಊರಿಕೊಂಡು ಕೂತಿದ್ದ, ಇಂಜಿನ್ನಿನ ನಡುಕ ಕೈಗೆ ತಾಕುವ ಹಾಗೆ. ತಾಜಸುಲ್ತಾನಪುರದ ಹಾದಿ ದಾಟಿದ ಮೇಲೆ ಪಿ.ಟಿ. ಮಾಸ್ತರು ಹಿಂದಿನಿಂದ ಮತ್ತೆ ಕೂಗಿದರು, ಕಾಕಾ, ಟೈಪಿಂಗ್ ಪಾಸಾತೇನ್ರಿ ಎಂದು. ಎಲ್ಲರೂ ನಕ್ಕರು. ಅಪ್ಪ ಕನ್ನಡಿಯಲ್ಲಿ ನಗುವ ಮುಖಗಳನ್ನು ನೋಡಿದ. ನಗಲಿಲ್ಲ. ಪೂರಾ ಮೈ ತಿರುಗಿಸಿ ನನ್ನ ಕಡೆ ನೋಡಿದ.

"ಏನಂದ್ರು?" ಎಂದು ಕೇಳಿದ.

ನಾನು ಅವನ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಹೇಳಿದೆ.