ನನ್ನ ಲಾಲಿಗೆ ಕೆಳದನಿ ಹಾಕಿದ ಬೀಗರು

ನಮ್ಮ ಬೀಗರ ಹಣೆಗೆ ಎರಡು ಬಣ್ಣ. ಹುಬ್ಬಿನ ಹತ್ತಿರ ಸುಟ್ಟ ಹೆಂಚಿನ ಕೆಂಪು, ಅದರ ಮೇಲೆ ಕೂದಲವರೆಗೂ ಹಸಿ ಹಾಲಿನ ಬಿಳುಪು. ನಡುವೆ ದಾರ ಹಿಡಿದು ಎಳೆದ ಹಾಗೆ ಒಂದು ಗೆರೆ. ಜೀವಮಾನವೆಲ್ಲ ಟೋಪಿ ಹಾಕಿಕೊಂಡು ಹೊಲದಲ್ಲಿ ದುಡಿದವರಿಗೆ ಬಿಸಿಲು ಎಳೆದ ಗೆರೆ ಅದು. ನನ್ನ ಮಗನಿರುವ ಪರದೇಶದ ಲೆಮಾಂಟ್ ಊರಿನ ದೇವಸ್ಥಾನದಲ್ಲಿ ಅವನ ಮದುವೆಯ ದಿನ ಅವರು ಟೋಪಿ ತೆಗೆದಾಗ, ಅರೋರಾದಿಂದ ಬಂದಿದ್ದ ಆಂಟಿಯೊಬ್ಬರು ನನ್ನ ಕಿವಿಗೆ ಬಾಗಿ, "ಏನ್ರೀ, ನಿಮ್ ಬೀಗ್ರು ಆಗ್ಲೇ ವಿಭೂತಿ ಬಳ್ಕೊಂಡ್ ಬಂದವ್ರೆ?" ಎಂದರು.

ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಶುರುವಾದದ್ದೂ ಅವತ್ತೇ. ನಮ್ಮ ಕಡೆ ಬೀಗರನ್ನು ಊಟಕ್ಕೆ ಕೂರಿಸಿ, ಹೆಂಗಸರು ಹಾಡಿನಲ್ಲೇ ಅವರನ್ನು ಗೇಲಿ ಮಾಡುವುದು ಪದ್ಧತಿ. ಬೀಗರು ತಲೆ ತಗ್ಗಿಸಿ ಹೋಳಿಗೆ ತಿನ್ನಬೇಕು, ನಾವು ಗೆಲ್ಲಬೇಕು. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಆದರೆ ನಿಂತ ನಿಲುವಿನಲ್ಲಿ ಹಾಡು ಕಟ್ಟುವುದರಲ್ಲಿ ನನ್ನ ಸಮಕ್ಕೆ ಊರಿನಲ್ಲಿ ಯಾರೂ ಇರಲಿಲ್ಲ. "ಬಾಗ್ಲಲ್ಲಿ ಹಿಡಿಸದ ಬೀಗ ಬಂದ, ಬಕೆಟ್ಟು ಸಾರು ಕುಡಿಯೋಕೆ ಬಂದ" ಎಂದು ದನಿ ಎತ್ತಿದೆ. ಈ ಮನುಷ್ಯ ತಲೆ ತಗ್ಗಿಸಲಿಲ್ಲ. ಎದ್ದು ನಿಂತರು, ಕಣ್ಣು ಮುಚ್ಚಿದರು, ಬಾವಿಯೊಳಗಿಂದ ಬಂದಂಥ ದನಿಯಲ್ಲಿ ನನ್ನ ಹಾಡಿನ ಕೆಳಗೆ ಇನ್ನೇನೋ ಒಂದು ರಾಗ ಹಿಡಿದರು. ಕನ್ನಡದ ಮಾತು ಬಾರದು, "ಬೀಗ ಬಂದಾ" ಎನ್ನುವುದೊಂದೇ ಬಾಯಿಗೆ ಸಿಕ್ಕಿತ್ತು. ಊಟದ ಹಾಲ್ ಪೂರ್ತಿ ಅವರ ಕಡೆ ತಿರುಗಿತು. ಚಪ್ಪಾಳೆಯೂ ಅವರಿಗೇ. ಬೈಸಿಕೊಂಡವರಿಗೆ ಚಪ್ಪಾಳೆ ಬಿದ್ದದ್ದನ್ನು ನಾನು ಅದಕ್ಕೆ ಮೊದಲು ಎಲ್ಲೂ ಕಂಡಿರಲಿಲ್ಲ.

ಅವರ ಮುತ್ತಜ್ಜ ವೇಲ್ಸ್ ಅನ್ನುವ ಗುಡ್ಡದ ನಾಡಿನಿಂದ ಬಂದು, ಡೆಟ್ರಾಯಿಟ್‌ನಿಂದ ಒಂದು ಗಂಟೆಯ ದಾರಿಯಲ್ಲಿ ಹೊಲ ಮಾಡಿದವರಂತೆ. ಹೊಲ, ಹಸು, ಹಾಡು ಮೂರೂ ಆ ಮನೆತನದಲ್ಲಿ ಒಟ್ಟಿಗೇ ಇಳಿದು ಬಂದಿದ್ದವು. ಹಾಲು ಕರೆಯುವ ಮೆಷಿನ್ ಹಾಕಿದ ಮೇಲೂ ಬೀಗರು ಹಸುವಿನ ಪಕ್ಕ ನಿಂತು ಹಾಡುತ್ತಿದ್ದರು. "ಶ್ರುತಿ ತಪ್ಪಿದ್ರೆ ಜನ ಸುಮ್ಮನಿರ್ತಾರೆ, ಹಸು ಒದೆಯುತ್ತೆ" ಎನ್ನುತ್ತಿದ್ದರು. ಮಗ ಅದನ್ನು ಕನ್ನಡ ಮಾಡಿ ಹೇಳುತ್ತಿದ್ದ. ಅವರ ಚರ್ಚಿನಲ್ಲಿ ಹಾಡಿನ ಭಾನುವಾರ ಗಂಡ ಹೆಂಡತಿ ಒಟ್ಟಿಗೆ ಕೂರುವ ಹಾಗಿಲ್ಲ. ಮೇಲ್ದನಿಯವರಿಗೆ ಒಂದು ಬೆಂಚು, ಕೆಳದನಿಯವರಿಗೆ ಇನ್ನೊಂದು. ಒಂದೇ ಹಾಡನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಒಂದೇ ಸಲ ಹಾಡುತ್ತಾರೆ.

"ಇದೇನೋ ಮಗಾ, ಒಬ್ರು ಹೇಳಿದ್ನ ಒಬ್ರು ಕೇಳಲ್ವಲ್ಲೋ!" ಎಂದೆ, ಒಮ್ಮೆ ಅಲ್ಲಿ ಮಗನ ಪಕ್ಕ ಕೂತು.

"ಅಮ್ಮಾ, ಮೆತ್ತಗೆ ಮಾತಾಡು."

ಮೊಮ್ಮಗಳು ಹುಟ್ಟಿದಾಗ ನಾನು ಮಗ ಸೊಸೆ ಇದ್ದ ಹಾಫ್‌ಮನ್ ಎಸ್ಟೇಟ್ಸ್‌ಗೆ ಬಂದೆ. ಆ ಸಂತೋಷ ನಾನು ಹೇಗೆ ಹೇಳಲಿ! ಮುಷ್ಟಿಯಷ್ಟು ಮುಖ, ಅದರಲ್ಲಿ ನಮ್ಮವ್ವನ ಗಲ್ಲ. ನಮ್ಮವ್ವ ಕಟ್ಟಿ ನನ್ನನ್ನು ತೂಗಿದ ಲಾಲಿ ಒಂದಿದೆ, "ರಾಗಿ ತೆನೆಗೆ ಬಂದ ಗಿಣಿಯೇ, ನನ್ನ ಕಂದನ ನಿದ್ದೆ ಕದಿಯಬ್ಯಾಡ" ಅಂತ. ಅದನ್ನು ಹಾಡುವವಳು ಭೂಮಿಯ ಮೇಲೆ ಈಗ ನಾನೊಬ್ಬಳೇ. ಮಗನಿಗೆ ಹಾಡು ಬಾರದು, ಅವನದು ಕತ್ತೆ ಗಂಟಲು. ಈ ಕೂಸಿಗೆ ದಾಟಿಸಿದರೆ ಉಂಟು, ಇಲ್ಲದಿದ್ದರೆ ಅದು ನನ್ನ ಜೊತೆಗೇ ಮಣ್ಣಿಗೆ.

ಬೀಗರು ಹಸುಗಳನ್ನು ಪಕ್ಕದ ಹೊಲದವರಿಗೆ ಒಪ್ಪಿಸಿ, ಐದು ಗಂಟೆ ಡ್ರೈವ್ ಮಾಡಿಕೊಂಡು ಮಗುವನ್ನು ನೋಡಲು ಬರುವರು. ನಾನು ಲಾಲಿ ಎತ್ತಿದರೆ ಸಾಕು, ಕೆಳಗಿನಿಂದ ಗುಂಯ್ ಎಂದು ಅವರ ದನಿ. ನಮ್ಮಲ್ಲಿ ಒಬ್ಬಳು ಸೊಲ್ಲು ಎತ್ತಿದರೆ ಉಳಿದವರು ಅದನ್ನೇ ತಿರುಗಿ ಹೇಳಬೇಕು. ಬೇರೆ ಹಾಡಿದರೆ 'ನಿನ್ನ ಹಾಡು ನಮಗೆ ಬೇಡ' ಎಂದ ಹಾಗೆ. ನಾನು ಹಾಡು ನಿಲ್ಲಿಸಿ ಮುಖ ತಿರುಗಿಸಿದೆ.

"ಅವರು ಅಡ್ಡ ಬರ್ತಿಲ್ಲ ಅಮ್ಮಾ, ಆಸರೆ ಕೊಡ್ತಿದಾರೆ," ಎಂದ ಮಗ.

"ಆಸರೆ ಬೇಕಾಗಿರೋದು ನನ್ ಮಂಡಿಗೆ ಕಣೋ, ನಮ್ಮವ್ವನ ಹಾಡಿಗಲ್ಲ!"

ಇಷ್ಟರಲ್ಲಿ ಕೂಸು ಅವರ ಎದೆಯ ಮೇಲೆ ಮಲಗಿಯೇಬಿಟ್ಟಿತ್ತು. ನಾನು ಎಷ್ಟು ಹೊತ್ತು ತೂಗಿದರೂ ಕಣ್ಣು ಪಿಳಿಪಿಳಿ ಬಿಡುತ್ತಿದ್ದ ಕೂಸು! ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದ ಹಾಗಾಯಿತು. ಅಂದಿನಿಂದ ಜಿದ್ದಿಗೆ ಬಿದ್ದೆ. ಅವರು ಬಂದಾಗಲೆಲ್ಲ ಅವರ ದನಿ ಮುಳುಗಲಿ ಎಂದು ಗಂಟಲು ಹರಿಯುವ ಹಾಗೆ ಹಾಡುವೆ. ಅವರು ನಗುತ್ತಾ ಇನ್ನಷ್ಟು ಕೆಳಗಿಳಿಯುವರು. "ಬೀಗ್ರು, ಒನ್ಸ್ ಮೋರ್" ಎಂದು ಕೇಳುವರು. ಮಗ ಹೇಳಿಕೊಟ್ಟಿದ್ದ ಒಂದೇ ಕನ್ನಡ ಪದದಿಂದ ನನ್ನನ್ನು ಕರೆಯುತ್ತಿದ್ದರು.

ವೀಸಾ ಮುಗಿದಾಗಲೆಲ್ಲ ನಾನು ಊರಿಗೆ ಹೊರಡಬೇಕು. ಅವರು ಇಲ್ಲೇ ಇರುವವರು. ಬೇಸಿಗೆ ರಜೆಯೆಲ್ಲ ಮೊಮ್ಮಗಳು ಅವರ ಟ್ರ್ಯಾಕ್ಟರಿನ ಹಿಂದೆ. ನಾನು ಫೋನಿನಲ್ಲಿ "ಲಾಲಿ ಹಾಡು ಚಿನ್ನಾ" ಎಂದರೆ, "ಐ ಓನ್ಲಿ ನೋ ಗ್ರ್ಯಾಂಪಾಸ್ ಪಾರ್ಟ್, ಅಜ್ಜಿ" ಎನ್ನುವಳು. ಅಜ್ಜ ಗೊತ್ತು, ಅಜ್ಜಿ ಮರೆತುಹೋದಳು ಎಂದು ಫೋನ್ ಇಟ್ಟು ಸೆರಗು ಕಚ್ಚಿಕೊಳ್ಳುತ್ತಿದ್ದೆ.

ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಬೀಗರು ತೀರಿಕೊಂಡರು. ಕೊಟ್ಟಿಗೆಯಿಂದ ಬಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲವಂತೆ. ನಾನು ಆಗ ಇಲ್ಲೇ ಇದ್ದೆ, ಮಗನ ಜೊತೆ ಹೋದೆ. ಚರ್ಚಿನಲ್ಲಿ ಸಾವಿನ ದಿನವೂ ಜನ ದನಿಗೆ ತಕ್ಕ ಬೆಂಚಿನಲ್ಲೇ ಕೂತರು. ಯಾರೂ ಕೈ ಆಡಿಸದೆ, ಯಾರೂ ಶುರು ಎನ್ನದೆ ಹಾಡಿದರು. ಹಾಡಿನ ಕೊನೆಯ ಪಾದ ಬಿಡಲು ಮನಸ್ಸಾಗದೆ ಮತ್ತೆ ಮತ್ತೆ ಹಾಡಿದರು. ನನ್ನ ಹೊಟ್ಟೆಕಿಚ್ಚು ಅಲ್ಲೂ ಬಿಡಲಿಲ್ಲ. ನನ್ನ ಸಾವಿಗೆ ಹೀಗೆ ಹಾಡುವವರು ಯಾರಿದ್ದಾರೆ ಅಂದುಕೊಂಡೆ.

ಆಮೇಲೆ ಹೊಲದ ಮನೆಯ ಅಡುಗೆಮನೆಯಲ್ಲಿ ನೆಂಟರು ಸೇರಿದಾಗ ಯಾರೋ ಮೊಮ್ಮಗಳಿಗೆ, ಅಜ್ಜ ಕಲಿಸಿದ ಹಾಡೊಂದನ್ನು ಹಾಡು ಎಂದರು. ಅವಳು ಎದ್ದು ನಿಂತು "ರಾಗಿ ತೆನೆಗೆ ಬಂದ ಗಿಣಿಯೇ" ಎಂದಳು. ಮಾತು ಅಚ್ಚುಕಟ್ಟು, ಅದನ್ನು ಅವಳಪ್ಪ ತಿದ್ದಿಕೊಟ್ಟಿದ್ದನಂತೆ; ರಾಗ ಮಾತ್ರ ನಮ್ಮದಲ್ಲ. ಹಾಡು ಕೆಡಿಸಿಟ್ಟು ಹೋದರಲ್ಲ ಈ ಮನುಷ್ಯ ಎಂದು ನನ್ನ ಮೈ ಉರಿಯಿತು. ಅರ್ಧಕ್ಕೆ ನಿಲ್ಲಿಸಿ ಹುಡುಗಿ ನನ್ನ ಕಡೆ ನೋಡಿದಳು.

"ಅಜ್ಜಿ, ಯೂ ಹ್ಯಾವ್ ಟು ಕಮ್ ಇನ್."

ನನಗೆ ಅರ್ಥವಾಗಲಿಲ್ಲ. ಸೊಸೆ ಹತ್ತಿರ ಬಂದು ಕೂತು ತನ್ನ ಮುರುಕು ಕನ್ನಡದಲ್ಲಿ ಹೇಳಿದಳು: "ಅಮ್ಮ, ನಾನು ಡ್ಯಾಡ್‌ಗೆ ಹೇಳಿದೆ, ಮೇಲಿನ ದನಿನೂ ಕಲ್ಸಿ ಅಂತ. ಅವರು ನೋ ಅಂದ್ರು. ಅದು ಬೀಗ್ರು ಜಾಗ, ಅಂದ್ರೆ ನಿಮ್ದು, ಅವರೇ ಕೊಡಬೇಕು ಅಂದ್ರು."

ಮೊಮ್ಮಗಳು ಮತ್ತೆ ಮೊದಲಿನಿಂದ ಎತ್ತಿದಳು. ನಾನು ಕುರ್ಚಿ ಹಿಡಿದು ಎದ್ದು ಮೇಲಿನದನ್ನು ಹಾಡಿದೆ. ಸಾವಿನ ಮನೆಯಲ್ಲಿ ನನಗೆ ಅಷ್ಟು ಹಿಗ್ಗು! ಅವಳಿಗೀಗ ನನ್ನ ದನಿಯೂ ಬರುತ್ತದೆ, ನಾನೇ ಕಲಿಸಿದೆ. ಆದರೂ ಒಟ್ಟಿಗೆ ಹಾಡುವಾಗ ಅವಳು ಹಿಡಿಯುವುದು ಅಜ್ಜನದನ್ನೇ. ಕಿಚ್ಚಾಗುತ್ತದೆ, ಸುಳ್ಳೇಕೆ? ಆಗಲಿ ಬಿಡಿ. ನಮ್ಮವ್ವನ ಹಾಡು ಎರಡು ಕಾಲಿನ ಮೇಲೆ ನಿಂತಿದೆ.