ಟ್ಯೂಬ್‌ಲೈಟನ್ನೂ ನಂಬದ ಕೊಟ್ರೇಶಣ್ಣ

ಕೊಟ್ರೇಶಣ್ಣ ಯಾರನ್ನೇ ನೋಡಲಿ, ಎಡಗಣ್ಣು ಮುಚ್ಚಿಕೊಂಡೇ ನೋಡುತ್ತಿದ್ದರು. ಮೊದಲ ಸಲ ಕಂಡವರಿಗೆ, ಈ ಮನುಷ್ಯ ತಮ್ಮನ್ನು ಕಳ್ಳರೆಂದುಕೊಂಡಿದ್ದಾನೆ ಅನ್ನಿಸುತ್ತಿತ್ತು. ಅನ್ನಿಸಿದ್ದು ತಪ್ಪೇನೂ ಅಲ್ಲ.

ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನ ಎದುರು ಅವರ ಫೋಟೋ ಸ್ಟುಡಿಯೋ, ಪಕ್ಕದಲ್ಲಿ ನಮ್ಮ ಬಟ್ಟೆ ಅಂಗಡಿ. ಅಂಗಿ ಬಟ್ಟೆಗೆಂದು ಬಂದರೆ ಥಾನನ್ನೇ ಹೊತ್ತುಕೊಂಡು ರಸ್ತೆಗೆ ನಡೆದುಬಿಡುತ್ತಿದ್ದರು. "ಬಿಸಲಾಗ ನೋಡ್ಬೇಕಲೇ ನಾಗ, ನಿಮ್ಮ ಟ್ಯೂಬ್‌ಲೈಟ್ ಸುಳ್ಳು ಹೇಳ್ತೈತಿ." ಹಾಲು, ತಕ್ಕಡಿ, ಬಸ್ಸಿನ ಬೋರ್ಡು ಯಾವುದನ್ನೂ ಅವರು ನಂಬಿದವರಲ್ಲ. ಎಲ್ಲಕ್ಕಿಂತ ಹೆಚ್ಚಿನ ಅನುಮಾನ ನಗುವವರ ಮೇಲೆ. "ಬಾಳ ನಗಾವ ಏನೋ ಬಚ್ಚಿಟ್ಟಿರ್ತಾನ" ಎನ್ನುವರು. ಅಂಥವರು ದಿನವಿಡೀ "ಸ್ವಲ್ಪ ನಗ್ರಿ" ಎಂದು ಗಿರಾಕಿಗಳಿಗೆ ಹೇಳಿ ಹೊಟ್ಟೆ ಹೊರೆಯಬೇಕಿತ್ತು.

ಹರೆಯದಲ್ಲಿ ಅವರಿಗೆ ಬಯಲಿನ ಹುಚ್ಚಿತ್ತಂತೆ. ಕ್ಯಾಮೆರಾ ಹೆಗಲಿಗೇರಿಸಿ ಕೂಡ್ಲಿಗಿ ಕಡೆಯ ಗುಡ್ಡಗಳನ್ನೆಲ್ಲ ಸುತ್ತಿದ್ದರು. ಪರಿಚಯದವನೊಬ್ಬ "ನೋಡಿ ಕೊಡ್ತೀನಿ" ಎಂದು ನಗುತ್ತ ನೆಗೆಟಿವ್‌ಗಳನ್ನು ಒಯ್ದ. ಕೊಟ್ರೇಶಣ್ಣ ತಮ್ಮ ಗುಡ್ಡವನ್ನು ಮತ್ತೆ ನೋಡಿದ್ದು ಕಟಿಂಗ್ ಶಾಪಿನ ಕ್ಯಾಲೆಂಡರಿನಲ್ಲಿ, ಕೆಳಗೆ ಬೇರೆಯವನ ಹೆಸರು. ಅವತ್ತಿನಿಂದ ಅವರ ಕ್ಯಾಮೆರಾ ಮದುವೆ ಮನೆಯನ್ನು ಬಿಟ್ಟು ಹೊರಗೆ ತಿರುಗಲಿಲ್ಲ. ನೆಗೆಟಿವ್ ಅಂತೂ ಯಾರ ಕೈಗೂ ಕೊಡುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲೊಂದು ಸಂಜೆ, ತಂಬ್ರಹಳ್ಳಿಯ ಗೃಹಪ್ರವೇಶವೊಂದನ್ನು ಮುಗಿಸಿ ನನ್ನ ಸ್ಕೂಟರಿನಲ್ಲಿ ಇಬ್ಬರೂ ಬರುತ್ತಿದ್ದೆವು. "ನಿಂದ್ರಸಲೇ" ಎಂದು ಬೆನ್ನಿಗೆ ಗುದ್ದಿದರು. ಟೈರಿಗೇನೋ ಆಯಿತೆಂದುಕೊಂಡೆ. ಡ್ಯಾಮಿನ ಹಿನ್ನೀರು ಇಳಿದು, ಹಸಿ ಕೆಸರಿನ ಮೇಲೆ ಎಳೆ ಹುಲ್ಲು ಹಬ್ಬಿತ್ತು. ಅದರಾಚೆ ನೀರು, ನೀರಿನಲ್ಲಿ ಮುಳುಗುವ ಸೂರ್ಯ. ಯಾರಾದರೂ ನೋಡುತ್ತಿದ್ದಾರೋ ಎಂದು ಕೊಟ್ರೇಶಣ್ಣ ಹಿಂದೆ ಮುಂದೆ ನೋಡಿದರು. ಆಮೇಲೆ ರೋಲಿನಲ್ಲಿ ಉಳಿದಿದ್ದನ್ನೆಲ್ಲ ಅಲ್ಲಿಯೇ ಖಾಲಿ ಮಾಡಿದರು.

"ಯಾರ ಮುಂದನೂ ಹೇಳಬ್ಯಾಡ" ಎಂದರು, ಕದ್ದವರ ಹಾಗೆ.

ಅಲ್ಲಿಂದ ಭಾನುವಾರಗಳು ಕೆಟ್ಟವು. ಬೆಳಕು ಹರಿಯುವ ಮೊದಲೇ ಎದ್ದು ಹೋಗಿಬಿಡುತ್ತಿದ್ದರು. ಒಮ್ಮೊಮ್ಮೆ ನಾನೂ ಜೊತೆಗಿರುತ್ತಿದ್ದೆ. ಈಗ ಅನುಮಾನ ಪಡುವ ಸರದಿ ಅವರ ಹೆಂಡತಿ ನಿರ್ಮಲಕ್ಕನದು. ಒಂದು ದಿನ ಅಂಗಡಿಗೆ ಬಂದು ನಿಂತರು.

"ಖರೇ ಹೇಳಪ್ಪ ನಾಗರಾಜ, ನಿಮ್ಮಣ್ಣ ಎಲ್ಲಿಗೆ ಹೋಗ್ತಾರ?"

"ಗುಡ್ಡ ನೋಡಾಕ ಅಕ್ಕಾ."

"ಗುಡ್ಡ ನೋಡಾಕ ಯಾರರ ಸೆಂಟ್ ಹಚ್ಕೊಂಡು ಹೋಗ್ತಾರೇನು?"

ನಾನು ಬಿಚ್ಚಿದ್ದ ಬಟ್ಟೆ ಸುತ್ತತೊಡಗಿದೆ. ಸೆಂಟಿನ ಸಂಗತಿ ನನಗೂ ಗೊತ್ತಿತ್ತು.

ಕೆಲವು ವರ್ಷಗಳ ಮೇಲೆ ಹೊಸಹಳ್ಳಿ ಹತ್ತಿರ ನಡೆದದ್ದನ್ನು ಮಾತ್ರ ಮರೆಯಲಾರೆ. ಆಗ ಸಂಡೂರಿನ ಕಡೆ ಗುಡ್ಡ ಅಗೆಯುವ ಗಣಿ ಕಂಪನಿಗಳ ಲಾರಿಗಳು ಓಡಾಡುತ್ತಿದ್ದ ಕಾಲ. ಗುಂಡುಗಲ್ಲಿನ ಗುಡ್ಡದೆದುರು ಕೊಟ್ರೇಶಣ್ಣ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿದ್ದೇ ತಡ, ಹೊಲಗಳಲ್ಲಿದ್ದವರು ಬಂದು ಮುತ್ತಿದರು. ಮುಂದಿದ್ದವನು ಈರಣ್ಣ ಎಂಬ ಮುದುಕ.

"ಯಾವ ಕಂಪನಿಯವ್ರು ನೀವು? ಗುಡ್ಡ ಅಳಿಯಾಕ ಬಂದೀರೇನು?"

"ಕಂಪನಿ ಇಲ್ರಿ ಯಜಮಾನ್ರ, ಫೋಟೋ ತಗಿಯಾಕ ಬಂದೀವಿ."

"ಕಲ್ಲಿನ ಫೋಟೋ ಯಾರು ತಗೀತಾರ? ಅದೇನು ಮದುಮಗಳೇನು?"

ಎಷ್ಟು ಹೇಳಿದರೂ ಕೇಳದೆ ಸ್ಟ್ಯಾಂಡನ್ನು ಕಿತ್ತುಕೊಂಡರು. ಕ್ಯಾಮೆರಾ ಕೈಯಲ್ಲೇ ಹಿಡಿದು ಒಂದು ಫೋಟೋ ತೆಗೆಯಲು ಬಿಟ್ಟು, ಅದನ್ನು ತಂದು ತೋರಿಸಿ ಸ್ಟ್ಯಾಂಡು ಒಯ್ಯಿರಿ ಎಂದರು. ದಾರಿಯಲ್ಲಿ ಕೊಟ್ರೇಶಣ್ಣ ಕೂಗಾಡುತ್ತಾರೆಂದು ಕಾದೆ. "ಶಾಣ್ಯಾ ಮಂದಿ ಅದಾರಲೇ" ಎಂದರು. "ನಾನಾಗಿದ್ರ ಕ್ಯಾಮೆರಾನೂ ಕಸ್ಕೊಂತಿದ್ದೆ."

ಮುಂದಿನ ಭಾನುವಾರ ಫೋಟೋ ಒಯ್ದೆವು. ಈರಣ್ಣ ಅದನ್ನು ಹತ್ತಿರ ಹಿಡಿದ, ದೂರ ಹಿಡಿದ. ಗುಡ್ಡದ ಬುಡದಲ್ಲಿದ್ದ ತನ್ನ ಮೇಕೆಗಳನ್ನು ಗುರುತಿಸಿದ. ಇನ್ನೇನು ಒಪ್ಪಿದ ಅನ್ನುವಷ್ಟರಲ್ಲಿ ಕೇಳಿದ:

"ಇಂಥವು ಇನ್ನೂ ಎಷ್ಟು ಮಾಡಬೋದು?"

"ಬೇಕಾದಷ್ಟು" ಎಂದುಬಿಟ್ಟೆ ನಾನು.

"ಹಂಗಾದ್ರ ಇದರ ಬೀಜ ಕೊಟ್ಟು ಹೋಗ್ರಿ."

ಬೀಜವೆಂದರೆ ನೆಗೆಟಿವ್. ಕೊಟ್ರೇಶಣ್ಣನ ಮುಖ ಕಪ್ಪಿಟ್ಟಿತು. ಚೀಲವನ್ನು ಎದೆಗೊತ್ತಿಕೊಂಡು ಗುಡ್ಡದ ಕಡೆ ತಿರುಗಿದರು. ಸ್ಟ್ಯಾಂಡು ಹೋದರೆ ಹೋಗಲಿ, ಇನ್ನು ಗಾಡಿ ಚಾಲೂ ಮಾಡು ಅನ್ನುತ್ತಾರೆಂದುಕೊಂಡೆ. ಆದರೆ ಅವರು ಚೀಲದಿಂದ ನೆಗೆಟಿವ್ ತೆಗೆದು ಈರಣ್ಣನ ಅಂಗೈ ಮೇಲಿಟ್ಟರು. "ಗುಡ್ಡ ನಿಮ್ದು. ಬೀಜನೂ ನಿಮ್ಮ ಹಂತೇಲೆ ಇರ್ಲಿ."

"ಯಾಕ ಕೊಟ್ರಿ ಅಣ್ಣಾ?" ಎಂದು ಸ್ಟ್ಯಾಂಡು ಇಸಿದುಕೊಂಡು ಬರುವಾಗ ದಾರಿಯಲ್ಲಿ ಕೇಳಿದೆ.

"ಆ ಕ್ಯಾಲೆಂಡರಿನಾಂವ ನಕ್ಕೊಂತ ಇಸ್ಗೊಂಡಿದ್ದ. ಈ ಮುದುಕ ಮಾರಿ ಗಂಟು ಹಾಕ್ಕೊಂಡು ಕೇಳಿದ. ಇಂಥಾವನ್ನ ನಂಬಬೋದು."

ಮುಂದೆ ಆ ಗುಡ್ಡಕ್ಕೆ ಅವರು ಹೋದಾಗಲೆಲ್ಲ ಈರಣ್ಣನೂ ಬಂದು ಪಕ್ಕದ ಬಂಡೆಯ ಮೇಲೆ ಕೂರುತ್ತಿದ್ದ. ಕಾವಲಿಗೋ ಸ್ನೇಹಕ್ಕೋ ಹೇಳುವುದು ಕಷ್ಟ. ಅವನು ಕ್ಯಾಮೆರಾವನ್ನು ನೋಡುತ್ತ, ಇವರು ಮೋಡವನ್ನು ನೋಡುತ್ತ ಗಂಟೆಗಟ್ಟಲೆ ಕೂತಿರುತ್ತಿದ್ದರು. ನಿರ್ಮಲಕ್ಕನನ್ನೂ ಒಂದು ಬೆಳಿಗ್ಗೆ ಅಲ್ಲಿಗೆ ಕರೆದುಕೊಂಡು ಹೋದರಂತೆ. "ಖರೇನ ಬರೇ ಕಲ್ಲು" ಎಂದು ಆಕೆ ನನಗೆ ಹೇಳಿದರು. ಸಮಾಧಾನವೋ ಬೇಸರವೋ ತಿಳಿಯಲಿಲ್ಲ.

ವಯಸ್ಸಾದ ಮೇಲೆ ಸ್ಟುಡಿಯೋ ಮುಚ್ಚಿ ಗಂಡ ಹೆಂಡತಿ ಇಬ್ಬರೂ ಹರಪನಹಳ್ಳಿಗೆ, ಮಗಳ ಮನೆಯ ಹತ್ತಿರಕ್ಕೆ ಹೋದರು. ಕೊನೆಯ ಸಲ ಸಿಕ್ಕಿದ್ದು ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ. ಹಡಗಲಿ ಬಸ್ಸು ಹತ್ತುತ್ತಿದ್ದರು. ಹೊಳೆ ದಂಡೆಯಲ್ಲಿ ಫೋಟೋಗೆ ಒಂದು ಜಾಗ ಸಿಕ್ಕಿದೆಯೆಂದರು.

"ಯಾವ ಊರ ಹತ್ರ?"

"ನಿನಗ್ಯಾಕ? ಹೇಳಿದ್ರ ನಾಳಿ ಹತ್ತು ಮಂದಿ ಬಂದು ನಿಂದ್ರತಾರ."

ಬಸ್ಸು ಹೊರಟಿತು. ಅಷ್ಟರಲ್ಲಿ ಏನನ್ನಿಸಿತೋ, ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು: "ತಿಂಗಳ ಬಿಟ್ಟು ಬಾ, ಕರ್ಕೊಂಡು ಹೋಗ್ತೀನಿ. ಒಬ್ಬನ ಬಾ ಮತ್ತ!"

ತಿಂಗಳು ತುಂಬುವ ಮೊದಲೇ ಅವರ ಮಗಳ ಫೋನು ಬಂತು, ಅಪ್ಪ ತೀರಿಕೊಂಡರೆಂದು. ಅಂಗಡಿಗೆ ಬಾಗಿಲು ಹಾಕಿದೆ. ಜೊತೆಗೆ ಬರುತ್ತೇವೆಂದು ನಮ್ಮೂರ ಬಸ್‌ಸ್ಟ್ಯಾಂಡಿನ ನಾಲ್ಕಾರು ಮಂದಿ ಸ್ನೇಹಿತರು ಅಂದರು. ನೀವು ಮುಂದಿನ ಬಸ್ಸಿಗೆ ಬನ್ನಿ ಎಂದು ಹೇಳಿ, ಹರಪನಹಳ್ಳಿಗೆ ಒಬ್ಬನೇ ಹೋದೆ.